ಅಟ್ಟದ ಕಾಯಿ, ನನ್ನ ಕಂಪ್ಯೂಟರು ಮತ್ತು 2025

ಡಿಸೆಂಬರ್ ಬಂತು ಅಂದ್ರೆ ಎಲ್ಲರೂ ಈ ವರ್ಷ ಓದಿದ ಪುಸ್ತಕಗಳ ಪಟ್ಟಿ ಹಾಕುತ್ತಾರೆ. ಒಂದರ ಮೇಲೊಂದು ಜೋಡಿಸಿದ ಪುಸ್ತಕಗಳ ಫೋಟೋ, ಪಕ್ಕದಲ್ಲಿ ಒಂದು ಕಾಫಿ ಲೋಟ. ನನ್ನದೂ ಒಂದು ಪಟ್ಟಿ ಇದೆ. 2025ರಲ್ಲಿ ನಾನು 34 ಕನ್ನಡ ಪುಸ್ತಕ ಓದಿದೆ. ಅದರಲ್ಲಿ ಒಂದನ್ನೂ ನಾನಾಗಿ ಆರಿಸಿಕೊಂಡಿಲ್ಲ. ಆದರೆ ಎಲ್ಲವನ್ನೂ ಅರ್ಪಣೆಯ ಪುಟದಿಂದ ಹಿಡಿದು ಕೊನೆಯ ‘ಲೇಖಕರ ಇತರ ಕೃತಿಗಳು’ ತನಕ ಅಕ್ಷರ ಅಕ್ಷರ ಓದಿದ್ದೇನೆ, ಕೆಲವನ್ನಂತೂ ಮೂರು ಮೂರು ಸಲ. ಯಾಕೆಂದರೆ ಅವನ್ನೆಲ್ಲ ಟೈಪ್ ಮಾಡಿದವಳು ನಾನೇ.

ತುಮಕೂರಿನ ಟೌನ್‌ಹಾಲ್ ಸರ್ಕಲ್‌ನಿಂದ ಐದು ನಿಮಿಷ ನಡೆದರೆ ನನ್ನ ಡಿಟಿಪಿ ಅಂಗಡಿ. ಹತ್ತಡಿ ಅಗಲ. ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಮಷಿನ್, ಗಿರಾಕಿಗಳು ಕೂರಲು ಒಂದು ಬೆಂಚು. ಹೊಟ್ಟೆಪಾಡು ನಡೆಯುವುದು ಆಧಾರ್ ಜೆರಾಕ್ಸ್, ಬಾಡಿಗೆ ಕರಾರು, ಗೃಹಪ್ರವೇಶದ ಕಾರ್ಡು, ತಿಥಿ ಕಾರ್ಡುಗಳಿಂದ. ಪುಸ್ತಕದ ಕೆಲಸ ಅಪ್ಪನ ಕಾಲದಿಂದ ಬಂದದ್ದು. ಅಪ್ಪ ಪ್ರೆಸ್ಸಿನಲ್ಲಿ ಸೀಸದ ಅಕ್ಷರದ ಮೊಳೆ ಜೋಡಿಸುತ್ತಿದ್ದ ಕಂಪೋಸಿಟರ್. ಈಗ 78 ವರ್ಷ. ತಲೆಕೆಳಗಾದ ಅಕ್ಷರಗಳನ್ನು ಈಗಲೂ ಸಲೀಸಾಗಿ ಓದುತ್ತಾರೆ. 2002ರಲ್ಲಿ ತುಮಕೂರಿನಲ್ಲಿ ಯು.ಆರ್. ಅನಂತಮೂರ್ತಿ ಅಧ್ಯಕ್ಷತೆಯಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಅಪ್ಪ ನನ್ನನ್ನು ಕರೆದುಕೊಂಡು ಹೋಗಿದ್ದರು. ನನಗೆ ಭಾಷಣ ಒಂದೂ ನೆನಪಿಲ್ಲ. ಪುಸ್ತಕದ ಮಳಿಗೆಗಳಲ್ಲಿ ಅಪ್ಪ ಒಂದೊಂದು ಪುಸ್ತಕ ಎತ್ತಿ, ಕಥೆ ಯಾರದು ಅಂತ ನೋಡದೆ, ಯಾವ ಪ್ರೆಸ್ಸು ಅಂತ ನೋಡುತ್ತಿದ್ದದ್ದು ಮಾತ್ರ ನೆನಪಿದೆ.

ಈ ವರ್ಷದ ಲೆಕ್ಕ ಬಿಲ್ ಪುಸ್ತಕದಿಂದ ತೆಗೆದೆ. 19 ಕವನ ಸಂಕಲನ. 5 ಅಭಿನಂದನ ಗ್ರಂಥ. 4 ಆಧುನಿಕ ವಚನ. 3 ಪಿಎಚ್‌ಡಿ ಪ್ರಬಂಧ ಪುಸ್ತಕವಾದದ್ದು. 2 ಆತ್ಮಕತೆ. 1 ಕಥಾ ಸಂಕಲನ. ಆ ಒಂದರ ಬಗ್ಗೆಯೇ ಬರೆಯಬೇಕು ಅಂತ ಕೂತಿದ್ದೇನೆ. ಆದರೆ ಅದಕ್ಕೆ ಮೊದಲು ನಮ್ಮ ಲೋಕ ಹೇಗಿದೆ ಅಂತ ಸ್ವಲ್ಪ ಹೇಳದಿದ್ದರೆ ನಿಮಗೆ ಗೊತ್ತಾಗಲ್ಲ.

ನಮ್ಮ ಕಡೆ ಬರೆಯುವವರಲ್ಲಿ ಅರ್ಧಕ್ಕರ್ಧ ಮೇಷ್ಟ್ರುಗಳು. ಹಾಗಾಗಿ ಬೇಸಿಗೆ ರಜೆ ಅಂದ್ರೆ ನನಗೆ ಸುಗ್ಗಿ. ಜನವರಿಯಿಂದ ಮಾರ್ಚ್ ತನಕ ತಾಲೂಕು ಸಮ್ಮೇಳನಗಳು, ಆಹ್ವಾನ ಪತ್ರಿಕೆ, ಬ್ಯಾನರು, ಮೇಷ್ಟ್ರುಗಳಿಗೆ ಓಓಡಿ (ಅಂದ್ರೆ ಶಾಲೆ ಬಿಟ್ಟು ಬಂದ ದಿನಕ್ಕೂ ಡ್ಯೂಟಿ ಲೆಕ್ಕ) ಸಿಗಬೇಕಲ್ಲ, ಅದಕ್ಕೆ ಹಾಜರಾತಿ ಪತ್ರ. ಸ್ವಾಗತ ಭಾಷಣದ ಒಂದು ಪ್ಯಾರಾ ನನ್ನ ಕಂಪ್ಯೂಟರಿನಲ್ಲಿ ಸೇವ್ ಆಗಿಯೇ ಇದೆ: ಬಿಎಂಶ್ರೀ ಹುಟ್ಟಿದ್ದು ನಮ್ಮ ತುರುವೇಕೆರೆ ತಾಲೂಕಿನ ಸಂಪಿಗೆಯಲ್ಲಿ, ತೀನಂಶ್ರೀ ಚಿಕ್ಕನಾಯಕನಹಳ್ಳಿ ಕಡೆಯ ತೀರ್ಥಪುರದವರು, ಗುಬ್ಬಿ ವೀರಣ್ಣನವರು ನಾಟಕದಿಂದ ನಾಡನ್ನೇ ಬೆರಗುಗೊಳಿಸಿದರು. ಯಾರಾದರೂ ‘ಒಂದು ಸ್ವಾಗತ ಮಾಡಿಕೊಡಮ್ಮ’ ಅಂದ್ರೆ ಹೆಸರು ಬದಲಾಯಿಸಿ ಕೊಡುತ್ತೇನೆ. ಯಾರೂ ಇದುವರೆಗೆ ಬೇಡ ಅಂದಿಲ್ಲ.

ಪ್ರತಿಗಳ ಸಂಖ್ಯೆ ಕೇಳಿದರೆ ಅಪ್ಪನಿಗೆ ನಗು ಬರುತ್ತದೆ. ಆಫ್‌ಸೆಟ್ ಕಾಲದಲ್ಲಿ ಪ್ಲೇಟ್ ಖರ್ಚು ಗಿಟ್ಟಬೇಕಾದರೆ ಸಾವಿರ ಪ್ರತಿಯಾದರೂ ಹಾಕಿಸಲೇಬೇಕಿತ್ತು, ಅದರಲ್ಲಿ ಆರುನೂರು ಲೇಖಕರ ಮಂಚದ ಕೆಳಗೆ ಇರುತ್ತಿದ್ದವು. ಈಗ ಡಿಜಿಟಲ್ ಪ್ರಿಂಟ್. ಇನ್ನೂರು ಅಂದ್ರೆ ಜಾಸ್ತಿ, ನೂರೇ ಸಾಕು ಅನ್ನುವವರೂ ಇದ್ದಾರೆ. ಮಂಚದ ಕೆಳಗೆ ಜಾಗ ಉಳಿಯಿತು. ಅಪರೂಪಕ್ಕೆ ಒಬ್ಬರು ಈಗಲೂ ಆಫ್‌ಸೆಟ್ಟೇ ಬೇಕು ಅನ್ನುತ್ತಾರೆ. ಅದಕ್ಕೆ ಪುಟಗಳು ಫಾರಂ ಲೆಕ್ಕಕ್ಕೆ, ಅಂದ್ರೆ ಒಟ್ಟಿಗೆ ಅಚ್ಚಾಗುವ 16 ಪುಟಗಳ ಲೆಕ್ಕಕ್ಕೆ ಬರಬೇಕು. ಮಾರ್ಚ್‌ನಲ್ಲಿ ಒಬ್ಬ ಕವಿಗೆ ‘ಎರಡು ಪುಟ ಖಾಲಿ ಉಳಿಯುತ್ತೆ ಸಾರ್’ ಅಂದೆ. ಬೆಂಚಿನ ಮೇಲೆ ಕೂತು, ಟೀ ತರಿಸಿಕೊಂಡು, ಮುಕ್ಕಾಲು ಗಂಟೆಯಲ್ಲಿ ಎರಡು ಕವಿತೆ ಬರೆದುಕೊಟ್ಟರು. ಇಡೀ ಸಂಕಲನದಲ್ಲಿ ಅವೇ ಚೆನ್ನಾಗಿದ್ದವು. ಹೇಳಲಿಲ್ಲ.

ಇನ್ನು ಐಎಸ್‌ಬಿಎನ್ (ಪುಸ್ತಕದ ಗುರುತಿನ ನಂಬರ್) ಕೇಳಿಕೊಂಡು ಬರುವ ಕಾಲೇಜು ಮೇಷ್ಟ್ರುಗಳದ್ದು ಬೇರೆ ಲೋಕ. ಅವರಿಗೆ ಪುಸ್ತಕಕ್ಕಿಂತ ಬಡ್ತಿಯ ಅಂಕದ ಚಿಂತೆ. ಆ ನಂಬರ್ ನೋಡಿದ ಮೇಲೆ ಪುಸ್ತಕ ತೆರೆದೂ ನೋಡಲ್ಲ.

ಸತ್ತವರ ಲೆಕ್ಕವೂ ನಮ್ಮ ಅಂಗಡಿಗೆ ಬರುತ್ತದೆ. ವರ್ಷ ಶುರುವಾಗಿದ್ದೇ ಸಾಗರದ ನಾ. ಡಿಸೋಜ ತೀರಿಕೊಂಡ ಸುದ್ದಿಯಿಂದ, ಜನವರಿ 5ಕ್ಕೆ. ಶರಾವತಿ ಮುಳುಗಡೆಯ ಜನರ ಬದುಕನ್ನು ಅಷ್ಟು ಹತ್ತಿರದಿಂದ ಬರೆದವರು ಇನ್ಯಾರೂ ಇರಲಿಲ್ಲ. ಯಾರಾದರೂ ದೊಡ್ಡ ಲೇಖಕರು ಹೋದ ದಿನ ಬೆಳಗ್ಗೆ ಆರಕ್ಕೇ ಫೋನು ಶುರು. ‘ನಮ್ಮ ಸಂಘದ ಹೆಸರು ಹಾಕಿ ಒಂದು ಶ್ರದ್ಧಾಂಜಲಿ ಕಾರ್ಡು ಮಾಡಮ್ಮ, ವಾಟ್ಸಾಪಿಗೆ ಹಾಕಬೇಕು.’ ಅದರಲ್ಲಿ ಸತ್ತವರ ಫೋಟೋ ಎಷ್ಟು ದೊಡ್ಡದೋ ಸಂಘದ ಅಧ್ಯಕ್ಷರದ್ದೂ ಅಷ್ಟೇ ದೊಡ್ಡದಿರಬೇಕು.

ಸರಿ, ಕಥೆ ಮೇಷ್ಟ್ರ ವಿಷಯಕ್ಕೆ ಬರುತ್ತೇನೆ.

ಏಪ್ರಿಲ್ ಕೊನೆಯಲ್ಲಿ ಬಂದರು. ಚಿಕ್ಕನಾಯಕನಹಳ್ಳಿ ಕಡೆಯ ಹಳ್ಳಿ, ಪ್ರೈಮರಿ ಶಾಲೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, 71 ವಯಸ್ಸು. ಕೈಯಲ್ಲಿ ಬಟ್ಟೆ ಚೀಲ, ಅದರೊಳಗೆ ನಾಲ್ಕು ಇನ್ನೂರು ಪೇಜಿನ ನೋಟ್‌ಬುಕ್. ನೀಲಿ ಇಂಕಿನಲ್ಲಿ, ಮಕ್ಕಳಿಗೆ ಕಾಪಿ ಹಾಕಿಕೊಟ್ಟ ಹಾಗೆ ದುಂಡಗೆ ಬರೆದಿದ್ದರು. ಮೂವತ್ತು ವರ್ಷದಲ್ಲಿ ಒಂಬತ್ತು ಕಥೆ. ‘ಎಲ್ಲೂ ಕಳಿಸ್ಲಿಲ್ವಾ ಸಾರ್?’ ಅಂದೆ. ‘ಎರಡು ಸಲ ಕಳಿಸ್ದೆ ಕಣಮ್ಮ. ವಾಪಸ್ ಬರಕ್ಕೆ ಸ್ಟಾಂಪು ಹಚ್ಚಿದ್ದೆ, ಆ ಸ್ಟಾಂಪೂ ಬರ್ಲಿಲ್ಲ’ ಅಂದರು.

ಮೊದಲ ಕಥೆಯ ಹೆಸರು ‘ಅಟ್ಟ’. ಟೈಪ್ ಮಾಡುತ್ತಾ ಮಾಡುತ್ತಾ ನನ್ನ ಬೆರಳು ನಿಧಾನ ಆಯ್ತು. ನನಗೆ ಹಾಗಾಗುವುದು ತುಂಬಾ ಕಡಿಮೆ. ತೆಂಗಿನ ಸೀಮೆಯವರಿಗೆ ಗೊತ್ತಿರುತ್ತೆ, ಕೊಬ್ಬರಿ ಮಾಡಬೇಕು ಅಂದ್ರೆ ಕಾಯನ್ನು ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಬಿಡಬೇಕು. ಒಳಗಿನ ನೀರು ಪೂರ್ತಿ ಬತ್ತಿ, ತಿರುಳು ಒಣಗಿ ಗಿಟುಕಾಗಿ ಚಿಪ್ಪಿನಿಂದ ಬಿಡಿಸಿಕೊಂಡು, ಅಲ್ಲಾಡಿಸಿದರೆ ಲೊಡಲೊಡ ಅನ್ನಬೇಕು. ಆಮೇಲೆ ಒಡೆಯುವುದು. ಆ ಕಥೆಯಲ್ಲಿ ಗಂಡ ಸತ್ತ ಮುದುಕಿಯೊಬ್ಬಳಿದ್ದಾಳೆ. ಅಟ್ಟದ ಮೇಲಿರುವುದು ಗಂಡ ತನ್ನ ಕೈಯಾರೆ ಹಾಕಿದ ಕೊನೆಯ ಕಾಯಿ. ಮಕ್ಕಳಿಗೆ ಸಾಲ ತೀರಿಸುವ ಆತುರ, ತಿಪಟೂರು ಮಾರ್ಕೆಟ್ಟಿನಲ್ಲಿ ರೇಟು ಬಂದಿದೆ, ಇಳಿಸೋಣ ಅಂತಾರೆ. ಇವಳು ಪ್ರತಿ ಸಲ ಏಣಿ ಹತ್ತಿ, ಒಂದು ಕಾಯಿ ಕಿವಿ ಹತ್ತಿರ ಅಲ್ಲಾಡಿಸಿ, ಕೆಳಗಿಳಿದು ಹೇಳುತ್ತಾಳೆ: ‘ಇನ್ನೂ ನೀರು ಬತ್ತಿಲ್ಲ ಕಣ್ರೋ.’ ವರ್ಷ ಕಳೆದರೂ ಅದೇ ಮಾತು. ಕಥೆಯಲ್ಲಿ ಅಳು ಅನ್ನುವ ಪದವೇ ಇಲ್ಲ. ಏಳು ಸಲ ಆ ಒಂದು ವಾಕ್ಯ ಬರುತ್ತದೆ, ಅಷ್ಟೇ.

ಸಂಜೆ ಮನೆಗೆ ಹೋಗಿ ಅಪ್ಪನಿಗೆ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ‘ಪ್ರೂಫು ನೀನೇ ನೋಡು, ಹುಡುಗರಿಗೆ ಕೊಡಬೇಡ’ ಅಂದರು.

ನಾನೇ ನೋಡಿದೆ. ಮೂರು ಸಲ ನೋಡಿದೆ. ಅಷ್ಟರಲ್ಲಿ ಮೇ 21 ಬಂತು. ಬೆಳಗ್ಗೆ ಎದ್ದು ಮೊಬೈಲ್ ಹಿಡಿದರೆ ಎಲ್ಲಾ ಗ್ರೂಪಿನಲ್ಲೂ ಒಂದೇ ಫೋಟೋ. ಹಿಂದಿನ ರಾತ್ರಿ ಲಂಡನ್ನಿನಲ್ಲಿ ಹಾಸನದ ಬಾನು ಮುಷ್ತಾಕ್ ಅವರಿಗೂ ಮಡಿಕೇರಿಯ ದೀಪಾ ಭಾಸ್ತಿ ಅವರಿಗೂ ಅಂತಾರಾಷ್ಟ್ರೀಯ ಬೂಕರ್ ಬಂದಿತ್ತು. ‘ಹಾರ್ಟ್ ಲ್ಯಾಂಪ್’, ಹನ್ನೆರಡು ಕಥೆಗಳು. ಕನ್ನಡಕ್ಕೆ ಇದೇ ಮೊದಲು, ಸಣ್ಣಕಥೆಗಳ ಸಂಕಲನಕ್ಕೂ ಆ ಪ್ರಶಸ್ತಿ ಇದೇ ಮೊದಲು. ಅವತ್ತು ಅಂಗಡಿಯಲ್ಲಿ ಹಬ್ಬ. ಬೆಂಚಿನ ಮೇಲೆ ಜಾಗವಿಲ್ಲ. ಕೇಸರಿಬಾತ್ ತಂದು ಹಂಚಿದರು. 50,000 ಪೌಂಡನ್ನು ಲೇಖಕಿ ಮತ್ತು ಅನುವಾದಕಿ ಸಮಪಾಲು ಹಂಚಿಕೊಳ್ಳಬೇಕು ಅಂತ ಗೊತ್ತಾದಾಗ ಒಬ್ಬ ಹಿರಿಯರಿಗೆ ನಿಜವಾಗಿಯೂ ಆಘಾತವಾಯ್ತು. ‘ಅರ್ಧ? ಬರೀ ಇಂಗ್ಲಿಷ್ ಮಾಡಿದ್ದಕ್ಕೆ?’ ಇನ್ನೊಬ್ಬರು, ಗಜಲ್ ಬರೆಯುವವರು, ಮೆಲ್ಲಗೆ ನನ್ನ ಪಕ್ಕ ಕುರ್ಚಿ ಎಳೆದುಕೊಂಡು ‘ನಂದೂ ಒಂದೆರಡು ಕಂಪ್ಯೂಟರಿನಲ್ಲೇ ಇಂಗ್ಲಿಷ್ ಮಾಡಿ ನೋಡಮ್ಮ’ ಅಂದರು. ಮಾಡಿದೆ. ಅವರ ನಲ್ಲೆ ಇಂಗ್ಲಿಷಿಗೆ ಹೋಗಿ ನೀರಿನ ನಲ್ಲಿಯಾಗಿ ಬಂದಳು. ಆಮೇಲೆ ಅವರು ಆ ಮಾತು ತೆಗೆಯಲಿಲ್ಲ.

ಅದೇ ವಾರ ಮೇಷ್ಟ್ರ ಪುಸ್ತಕಕ್ಕೆ ಮುನ್ನುಡಿ ಬಂತು. ಬರೆದವರು ಒಬ್ಬ ಪ್ರೊಫೆಸರ್. ನಾಲ್ಕು ಪುಟ. ಜೊತೆಗೆ ಒಂದು ಚೀಟಿ: ಸಂಭಾಷಣೆಯಲ್ಲಿ ಗ್ರಾಮ್ಯ ಪದಗಳು ಅತಿಯಾಗಿವೆ, ಬೇರೆ ಜಿಲ್ಲೆಯ ಓದುಗರಿಗೆ ತೊಡಕಾಗುತ್ತದೆ, ಅಡಿಟಿಪ್ಪಣಿ ಕೊಡಿ, ಇಲ್ಲವೇ ತಿದ್ದಿ. ಮೇಷ್ಟ್ರು ಅದನ್ನು ಎರಡು ಸಲ ಓದಿದರು. ‘ನಮ್ಮವ್ವ ಬತ್ತೀನಿ ಅಂತಿದ್ಲು, ಬರುತ್ತೇನೆ ಅಂತ ಯಾವತ್ತೂ ಅಂದೋಳಲ್ಲ’ ಅಂದರು. ಆಮೇಲೆ ಅವರೇ ‘ದೊಡ್ಡೋರು ಹೇಳವ್ರೆ. ಮಾಡಮ್ಮ’ ಅಂತ ಎದ್ದು ಹೋದರು.

ಬಿಡುಗಡೆ ಜೂನ್ 1ರ ಭಾನುವಾರ. ಪ್ರಿಂಟಾಗಿ ಬೆಂಗಳೂರಿನಿಂದ ಬರಬೇಕು. ಸೋಮವಾರ ರಾತ್ರಿ ಹನ್ನೊಂದಕ್ಕೆ ಕೂತು ತಿದ್ದಿದೆ. ತಿದ್ದಿದೆ ಅನ್ನುವುದು ದೊಡ್ಡ ಮಾತು. ಒಂದು ಪದ ಇರುವ ಕಡೆಯೆಲ್ಲ ಒಂದೇ ಸಲಕ್ಕೆ ಬದಲಾಯಿಸುವ ಫೈಂಡ್ ರಿಪ್ಲೇಸ್ ಹೊಡೆದೆ. ‘ಐತೆ’ ಎಲ್ಲಾ ‘ಇದೆ’. ‘ಓಯ್ತ’ ಎಲ್ಲಾ ‘ಹೋಗುತ್ತ’. ‘ಬತ್ತ’ ಎಲ್ಲಾ ‘ಬರುತ್ತ’. ಬತ್ತಾನೆ ಬರುತ್ತಾನೆ ಆಗಲಿ, ಬತ್ತೀನಿ ಬರುತ್ತೀನಿ ಆಗಲಿ ಅಂತ. 47 ಕಡೆ ಬದಲಾಗಿದೆ ಅಂತ ತೋರಿಸಿತು. ಹಳೆಯ ನುಡಿ ಫಾಂಟಿನಲ್ಲಿ ಇದ್ದಿದ್ದರೆ ‘ತ್ತ’ ಬೇರೆ ‘ತ್ತಿ’ ಬೇರೆ ಅಂತ ಬಿಟ್ಟುಬಿಡುತ್ತಿತ್ತೇನೋ, ಆದರೆ ಆ ಫೈಲು ಯೂನಿಕೋಡ್, ಅದರಲ್ಲಿ ‘ತ್ತಿ’ ಅಂದ್ರೆ ‘ತ್ತ’ಕ್ಕೆ ಗುಡಿಸು ಸೇರಿದ್ದು ಅಷ್ಟೇ. ಅದಕ್ಕೆ ಎಲ್ಲವೂ ಸಿಕ್ಕಿತು. ಇನ್ನೊಂದು ಸಲ ಓದಲಿಲ್ಲ. ಮೂರು ಸಲ ಓದಿದ್ದೆನಲ್ಲ ಅನ್ನುವ ಧೈರ್ಯ. ಪಿಡಿಎಫ್ ಕಳಿಸಿ ಮಲಗಿದೆ.

ಶನಿವಾರ ಬಂಡಲ್ ಬಂತು, 200 ಪ್ರತಿ. ಮುಖಪುಟ ಚೆನ್ನಾಗಿ ಬಂದಿತ್ತು. ಭಾನುವಾರ ಕಾರ್ಯಕ್ರಮ ಅವರ ಊರಿನ ಶಾಲೆಯಲ್ಲೇ. ಹಿಂದಿನ ಶುಕ್ರವಾರ ಕವಿ ಎಚ್.ಎಸ್. ವೆಂಕಟೇಶಮೂರ್ತಿ ತೀರಿಕೊಂಡಿದ್ದರು. ಮೊದಲು ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ. ಆಮೇಲೆ ನಾಡಗೀತೆ, ನನ್ನ ಸೇವ್ ಮಾಡಿದ ಸ್ವಾಗತ, ಬೆಳ್ಳಿ ಹಾಳೆ ಬಿಚ್ಚಿ ಬಿಡುಗಡೆ, ಶಾಲು, ಪೇಟ. ಮುಖ್ಯ ಅತಿಥಿಗಳು ಬೆಳಗ್ಗೆಯೇ ಪುಸ್ತಕ ಕೈಗೆ ಬಂದದ್ದು ಅಂತ ಹೇಳಿಕೊಂಡೇ ಶುರು ಮಾಡಿದರು. ಪಾಪ, ‘ಅಟ್ಟ’ ಓದಿದ್ದರು. ಬರದ ಸೀಮೆಯ ನೀರಿನ ಬವಣೆಯನ್ನು ಮೇಷ್ಟ್ರು ಎಷ್ಟು ಮಾರ್ಮಿಕವಾಗಿ ಹಿಡಿದಿದ್ದಾರೆ ನೋಡಿ ಅಂದರು. ನನಗೆ ಅರ್ಥ ಆಗಲಿಲ್ಲ. ಆ ಮುದುಕಿ ಮತ್ತೆ ಮತ್ತೆ ಏಣಿ ಹತ್ತಿ ನೋಡುತ್ತಾಳೆ, ಮಕ್ಕಳಿಗೆ ಹೇಳುತ್ತಾಳೆ ಅಂತ ಪುಸ್ತಕ ತೆರೆದು ಗಟ್ಟಿಯಾಗಿ ಓದಿದರು:

‘ಇನ್ನೂ ನೀರು ಬರುತ್ತಿಲ್ಲ ಕಣ್ರೋ.’

ಜನ ಚಪ್ಪಾಳೆ ತಟ್ಟಿದರು. ಆ ಕಡೆ ನೀರಿಗೆ ಎಷ್ಟು ಕಷ್ಟ ಅಂತ ಅವರಿಗೂ ಗೊತ್ತಲ್ಲ.

ನನ್ನ ಪಕ್ಕ ಕೂತಿದ್ದವರು ಮೇಷ್ಟ್ರ ಹೆಂಡತಿ. ಆ ವಾಕ್ಯ ಅವರ ಅತ್ತೆಯದ್ದು ಅಂತ ನನಗೆ ಆಮೇಲೆ ಗೊತ್ತಾಯ್ತು. ಅವರು ನನ್ನ ಕಡೆ ಬಗ್ಗಿ ಕೇಳಿದರು, ‘ನೀರು ಯಾಕ್ ಬರಲ್ಲ? ಬೋರು ಐತಲ್ಲ?’

ಹೊಟ್ಟೆಯೊಳಗೆ ಏನೋ ಜಾರಿದ ಹಾಗಾಯ್ತು. ಮಡಿಲಲ್ಲಿದ್ದ ಪುಸ್ತಕ ತಿರುವಿದೆ. ಏಳು ಕಡೆಯೂ ಬರುತ್ತಿಲ್ಲ. ಇನ್ನೊಂದು ಕಥೆಯಲ್ಲಿ ‘ಹಣತೆಯಲ್ಲಿ ಎಣ್ಣೆ ಇತ್ತು, ಬರುತ್ತಿ ಇರಲಿಲ್ಲ’. ಮತ್ತೊಂದರಲ್ಲಿ ಊದುಬರುತ್ತಿ. ಊದುಬರುತ್ತಿಯನ್ನು ಯಾರು ನೋಡಿದರೂ ಅಚ್ಚಿನ ತಪ್ಪು ಅಂತಾರೆ, ನಕ್ಕು ಬಿಡುತ್ತಾರೆ. ‘ನೀರು ಬರುತ್ತಿಲ್ಲ’ ಅನ್ನುವುದು ಸರಿಯಾದ ಕನ್ನಡ. ಅದರಲ್ಲಿ ತಪ್ಪು ಹುಡುಕಲು ಯಾರಿಗೂ ಆಗಲ್ಲ. ಹೆಂಡತಿಯೊಬ್ಬಳ ಹಟ ಹೋಗಿ ನಲ್ಲಿ ನೀರಿನ ಕಥೆ ಆಗಿತ್ತು.

ಊಟದ ಹೊತ್ತಿಗೆ ಮೇಷ್ಟ್ರಿಗೆ ಹೇಳಿದೆ. ಎಲೆಯ ಮೇಲೆ ಮೊಸರನ್ನ ಇತ್ತು. ಅವರು ಕೈ ತೊಳೆದು ಬಂದು ಪುಸ್ತಕ ತೆರೆದು ಆ ಪುಟ ಓದಿದರು. ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ‘ಅವ್ವ ಸತ್ತು ಇಪ್ಪತ್ತು ವರ್ಷ ಆಯ್ತು. ಇವತ್ತು ನಲ್ಲಿ ಮುಂದೆ ನಿಲ್ಲಿಸಿಬಿಟ್ವಲ್ಲಮ್ಮ’ ಅಂದರು. ಅಷ್ಟೇ.

ನನ್ನ ಖರ್ಚಿನಲ್ಲೇ ಮತ್ತೆ ಅಚ್ಚು ಹಾಕಿಸುತ್ತೇನೆ ಅಂದೆ. ಒಪ್ಪಲಿಲ್ಲ. ದಾರಿ ಹೇಳಿದ್ದು ಅಪ್ಪ. ಮೊಳೆಯ ಕಾಲದಲ್ಲಿ ಕೊನೆಗೆ ಒಂದು ಚೀಟಿ ಅಂಟಿಸುತ್ತಿದ್ದರಂತೆ, ಒಪ್ಪೋಲೆ ಅಂತ. ತಪ್ಪು ಒಂದು ಸಾಲು, ಒಪ್ಪು ಒಂದು ಸಾಲು. ಮರುದಿನ ಮೇಷ್ಟ್ರು ಮೊದಲ ಬಸ್ಸಿಗೇ ಬಂದು ಬೆಂಚಿನ ಮೇಲೆ ಕೂತರು. ನಾನು ಟೈಪ್ ಮಾಡಿದೆ: ‘ಬರುತ್ತಿಲ್ಲ’ ಎಂದಿರುವ ಕಡೆ ‘ಬತ್ತಿಲ್ಲ’ ಎಂದು, ‘ಬರುತ್ತಿ’ ಎಂದಿರುವ ಕಡೆ ‘ಬತ್ತಿ’ ಎಂದು ಓದಿಕೊಳ್ಳಿ. ಮೇಷ್ಟ್ರು ಕನ್ನಡಕ ಮೇಲೆ ಮಾಡಿ ನೋಡಿದರು. ‘ಇನ್ನೊಂದು ಹಾಕು. ‘ಬರುತ್ತಾನೆ’ ಇರೋ ಕಡೆ ‘ಬತ್ತಾನೆ’. ‘ಇದೆ’ ಇರೋ ಕಡೆ ‘ಐತೆ’. ಎಲ್ಲಾ ವಾಪಸ್ ಹಾಕು.’ ಒಂದು ಸಾಲಿನ ಚೀಟಿ ಒಂದು ಪುಟ ಆಯ್ತು. ಬಿಡುಗಡೆ ದಿನ 37 ಪ್ರತಿ ಹೋಗಿದ್ದವು. ಉಳಿದ 163ಕ್ಕೆ ನಾನೇ ಅಂಟಿಸಿದೆ, ಮೈದಾ ಗೋಂದಿನಲ್ಲಿ, ಎರಡು ರಾತ್ರಿ.

ಆಮೇಲೆ ಜುಲೈನಲ್ಲಿ ಯಾವುದೋ ಪೇಪರಿನಲ್ಲಿ ದೀಪಾ ಭಾಸ್ತಿ ಅವರ ಅನುವಾದದ ಬಗ್ಗೆ ಓದಿದೆ. ಕನ್ನಡ, ಉರ್ದು, ಅರಬ್ಬಿ ಪದಗಳನ್ನು ಇಂಗ್ಲಿಷಿನ ಮಧ್ಯೆ ಹಾಗೇ ಬಿಟ್ಟಿದ್ದಾರಂತೆ. ವಾಲಿಸಿದ ಅಕ್ಷರದಲ್ಲಿ ಹಾಕಿಲ್ಲ, ಅಡಿಟಿಪ್ಪಣಿ ಕೊಟ್ಟಿಲ್ಲ. ಪುಸ್ತಕದ ಕೊನೆಯ ಟಿಪ್ಪಣಿಯಲ್ಲಿ ಯಾಕೆ ಹಾಗೆ ಮಾಡಿದೆ ಅಂತಲೂ ಬರೆದಿದ್ದಾರೆ. ಅದನ್ನು ಓದಿ ಮೇಷ್ಟ್ರಿಗೆ ಫೋನ್ ಮಾಡಿದೆ. ಅವರು ಜೋರಾಗಿ ನಕ್ಕರು. ‘ಲಂಡನ್‌ನೋರೇ ಟಿಪ್ಪಣಿ ಇಲ್ದೆ ಓದ್ಕಂತಾರೆ. ತುಮಕೂರಿನೋರಿಗೆ ಐತೆ ಅಂದ್ರೆ ಏನು ಅಂತ ನಾನು ಹೇಳ್ಕೊಡ್ಬೇಕಾ?’

ನನಗೆ ನಗು ಬರಲಿಲ್ಲ. ಚೀಟಿ ಕಳಿಸಿದ ಪ್ರೊಫೆಸರ್ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸುಲಭ, ಆದರೆ ಕೀ ಒತ್ತಿದ್ದು ನನ್ನ ಬೆರಳು. ಈ ಊರಿನ ಪ್ರತಿ ಪುಸ್ತಕವನ್ನೂ ಪೂರ್ತಿ ಓದುವವಳು ನಾನೊಬ್ಬಳೇ ಅಂತ ಒಳಗೊಳಗೇ ಜಂಬ ಇತ್ತು, ಸುಳ್ಳು ಹೇಳಲ್ಲ. ಅಂಥವಳು 34ರಲ್ಲಿ ಓದಲು ನಿಜಕ್ಕೂ ಇಷ್ಟಪಟ್ಟಿದ್ದ ಒಂದೇ ಪುಸ್ತಕ ಕೆಡಿಸಿದೆ.

ಸೆಪ್ಟೆಂಬರ್ ಪೂರ್ತಿ ಬೆಂಚಿನ ಮೇಲೆ ಜಗಳ. ದಸರಾ ಉದ್ಘಾಟನೆಗೆ ಬಾನು ಮುಷ್ತಾಕ್ ಅವರನ್ನು ಕರೆದದ್ದು ಸರಿಯಾ ತಪ್ಪಾ ಅಂತ. ಆ ವಿಷಯ ಹೈಕೋರ್ಟು, ಸುಪ್ರೀಂ ಕೋರ್ಟು ತನಕ ಹೋಗಿ, ಎರಡೂ ಕಡೆ ಅರ್ಜಿ ವಜಾ ಆಗಿ, 22ಕ್ಕೆ ಅವರೇ ಚಾಮುಂಡಿ ಬೆಟ್ಟದಲ್ಲಿ ಉದ್ಘಾಟನೆ ಮಾಡಿದರು. 24ಕ್ಕೆ ಎಸ್.ಎಲ್. ಭೈರಪ್ಪ ತೀರಿಕೊಂಡರು, 94 ವರ್ಷ. ಎರಡು ದಿನದ ಹಿಂದೆ ಮುಖ ತಿರುಗಿಸಿಕೊಂಡು ಹೋಗಿದ್ದ ಇಬ್ಬರು ಅವತ್ತು ಒಂದೇ ಹೊತ್ತಿಗೆ ಶ್ರದ್ಧಾಂಜಲಿ ಕಾರ್ಡಿಗೆ ಬಂದರು. ಒಬ್ಬರಿಗೆ ‘ಪರ್ವ’ ಅಂದ್ರೆ ಪ್ರಾಣ, ಇನ್ನೊಬ್ಬರು ‘ಆವರಣ’ ಬಂದಾಗಿನಿಂದ ಅವರನ್ನು ಬೈದುಕೊಂಡೇ ಬಂದವರು, ಆದರೂ ಒಂದನ್ನೂ ಓದದೆ ಬಿಟ್ಟಿಲ್ಲ. ಇಬ್ಬರೂ ಅದೇ ಫೋಟೋ ಆರಿಸಿದರು. ನಾನು ಒಂದೇ ಕಾರ್ಡು ಮಾಡಿ ಸಂಘದ ಹೆಸರು ಬದಲಾಯಿಸಿ ಕೊಟ್ಟೆ.

ನವೆಂಬರ್ ಬಗ್ಗೆ ಹೇಳಲು ಏನಿಲ್ಲ. ಬ್ಯಾನರು, ಬ್ಯಾನರು, ಬ್ಯಾನರು.

ಹೋದ ವಾರ ಮೇಷ್ಟ್ರು ಮತ್ತೆ ಬಂದಿದ್ದರು. ಚೀಟಿ ಅಂಟಿಸಿದ 163ರಲ್ಲಿ ಉಳಿದಿರುವುದು 11 ಅಂತೆ. ಇನ್ನೊಂದು ನೂರು ಹಾಕಿಸಬೇಕು, ಈ ಸಲ ನೋಟ್‌ಬುಕ್ಕಿನಲ್ಲಿ ಇದ್ದ ಹಾಗೇ. ಹಳೆ ಫೈಲು ತೆಗೆದು, ರಿಪ್ಲೇಸ್ ಆಪ್ಷನ್ ಮುಟ್ಟದೆ, ಒಂದೊಂದು ಪದವನ್ನೂ ಕೈಯಲ್ಲೇ ವಾಪಸ್ ತರುತ್ತಿದ್ದೇನೆ. ಮುನ್ನುಡಿ ಬೇಡ ಅಂದರು. ‘ಆ ನಾಲ್ಕು ಪುಟಕ್ಕೆ ಏನು ಹಾಕೋಣ ಸಾರ್?’ ಅಂದೆ. ‘ಖಾಲಿ ಬುಡಮ್ಮ, ಯಾರಾದ್ರೂ ಲೆಕ್ಕ ಬರ್ಕಂತಾರೆ’ ಅಂದರು.

ಹೋಗುವಾಗ ಚೀಲದಿಂದ ಆರು ತೆಂಗಿನಕಾಯಿ ತೆಗೆದು ಜೆರಾಕ್ಸ್ ಮಷಿನ್ ಪಕ್ಕ ಇಟ್ಟರು. ಅವರ ಅಟ್ಟದ್ದೇ. ಅವರು ಬಸ್ಸಿಗೆ ಹೋದ ಮೇಲೆ ಒಂದನ್ನು ಎತ್ತಿ ಕಿವಿ ಹತ್ತಿರ ಅಲ್ಲಾಡಿಸಿದೆ. ಗಿಟುಕಿನ ಸದ್ದು ಬರಲಿಲ್ಲ. ಒಳಗೆ ನೀರು ಕುಲುಕಿತು.